ಹೆಸರುಕಾಳಿನಷ್ಟು ಭಯ

ಹಿಂದಿನ ಕಾಲದಲ್ಲಿ ಮೊದಲು ರೋಗ ಬರುತ್ತಿತ್ತು. ಆಮೇಲೆ ವೈದ್ಯರು ಬರುತ್ತಿದ್ದರು. ಕಟ್ಟಕಡೆಗೆ ಆ ರೋಗಕ್ಕೊಂದು ಹೆಸರು ಬರುತ್ತಿತ್ತು. ಇಂದು ಈ ಕ್ರಮ ತಲೆಕೆಳಗಾಗಿದೆ. ಮೈಯಲ್ಲಿ ನೋವಿಲ್ಲ, ಊಟ ಸೇರುತ್ತದೆ, ನಿದ್ರೆ ಬರುತ್ತದೆ. ಆದರೂ ಕಚೇರಿಯವರು ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆಗೋ, ವಿಮೆಯವರ ಒತ್ತಾಯಕ್ಕೋ ಹೋಗಿ ಬಂದ ಗೃಹಸ್ಥನ ಕೈಯಲ್ಲಿ ಒಂದು ಲಕೋಟೆ ಇರುತ್ತದೆ. ಅದರೊಳಗಿನ ಕಾಗದದಲ್ಲಿ ಹತ್ತಾರು ಸಾಲುಗಳು. ಯಕೃತ್ತು ಸರಿಯಾಗಿದೆ, ಮೂತ್ರಪಿಂಡಗಳು ಸರಿಯಾಗಿವೆ ಎಂಬ ಸಾಲುಗಳನ್ನು ಯಾರೂ ಓದುವುದಿಲ್ಲ. ಕಣ್ಣು ಹೋಗಿ ನಿಲ್ಲುವುದು ಒಂದೇ ಸಾಲಿನ ಮೇಲೆ: "ಗಾಲ್‌ಬ್ಲ್ಯಾಡರಿನ ಗೋಡೆಗೆ ಅಂಟಿದ 5 ಮಿ.ಮೀ. ಪಾಲಿಪ್." ಅಂದಿನಿಂದ ಹೆಸರುಕಾಳಿನಷ್ಟು ಗಾತ್ರದ ಒಂದು ವಸ್ತು ಆ ಮನೆಯಲ್ಲಿ ಮನೆಯಷ್ಟು ಗಾತ್ರದ ಭಯವಾಗಿ ಬೆಳೆಯತೊಡಗುತ್ತದೆ.

ಈ ವಾರ ಆ ಒಂದು ಸಾಲನ್ನು ಕುರಿತು ನಾಲ್ಕು ಮಾತು ಬರೆಯಬೇಕೆನ್ನಿಸಿತು. ನಾನು ವೈದ್ಯನಲ್ಲ; ಕನ್ನಡ ಪಾಠ ಹೇಳುವವನು. ಚಿಕಿತ್ಸೆ ವಿಧಿಸುವ ಅಧಿಕಾರ ನನಗಿಲ್ಲ. ಆದರೆ ಕಠಿನಪದಕ್ಕೆ ಅರ್ಥ ಹೇಳುವುದು, ಒಂದು ವಾಕ್ಯವನ್ನು ಅದರ ಹಿಂದುಮುಂದಿನ ಸಂದರ್ಭದೊಡನೆ ಇಟ್ಟು ಓದುವುದು ಉಪಾಧ್ಯಾಯನ ವೃತ್ತಿಧರ್ಮ. ಬಲ್ಲವರು ಈ ವಿಷಯದಲ್ಲಿ ಏನು ನಿರ್ಣಯಿಸಿದ್ದಾರೆಂಬುದನ್ನು ಓದಿ, ಕೇಳಿ ತಿಳಿದ ಮಟ್ಟಿಗೆ ಓದುಗರ ಮುಂದಿಡುತ್ತೇನೆ. ತಮ್ಮ ವೈದ್ಯರ ಬಳಿಗೆ ಹೋದಾಗ ಯಾವ ಪ್ರಶ್ನೆ ಕೇಳಬೇಕೆಂಬುದು ಇದರಿಂದ ಒಬ್ಬರಿಗೆ ತಿಳಿದರೂ ನನ್ನ ಶ್ರಮ ಸಾರ್ಥಕ.

ಪಿತ್ತವೂ ಪಿತ್ತಕೋಶವೂ

ನಮ್ಮ ಭಾಷೆಯಲ್ಲಿ ಪಿತ್ತಕ್ಕೆ ಒಳ್ಳೆಯ ಹೆಸರಿಲ್ಲ. ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿತು ಎನ್ನುತ್ತೇವೆ. ಬೆಳಗ್ಗೆ ಎದ್ದೊಡನೆ ಬಾಯಿ ಕಹಿಯಾದರೆ ಪಿತ್ತ, ತಲೆ ಸುತ್ತಿದರೆ ಪಿತ್ತ, ಬಸ್ಸಿನಲ್ಲಿ ವಾಂತಿಯಾದರೂ ಪಿತ್ತವೇ. ಆಯುರ್ವೇದದಲ್ಲಿ ವಾತ, ಪಿತ್ತ, ಕಫಗಳೆಂಬ ತ್ರಿದೋಷಗಳಲ್ಲಿ ಅದೊಂದು. ಆ ಶಾಸ್ತ್ರದಲ್ಲಿ ಆ ಪದದ ವ್ಯಾಪ್ತಿ ಬಹಳ ದೊಡ್ಡದು. ಇಲ್ಲಿ ನಾವು ಮಾತನಾಡುತ್ತಿರುವ ಪಿತ್ತರಸವಾದರೋ ಯಕೃತ್ತು ಸ್ರವಿಸುವ, ಹಳದಿ ಹಸಿರು ಬಣ್ಣದ, ಕಹಿಯಾದ ಒಂದು ದ್ರವ. ಹೆಸರು ಒಂದೇ ಆದುದರಿಂದ ಎರಡನ್ನೂ ಒಂದೆಂದು ಭಾವಿಸಿ, ಪಿತ್ತಕೋಶದಲ್ಲಿ ಏನೋ ಇದೆಯಂತೆ ಎಂದ ಮರುದಿನವೇ ಕಾಫಿ ನಿಲ್ಲಿಸಿ, ಮಾವಿನಹಣ್ಣು ನಿಲ್ಲಿಸಿ, ನಿಂಬೆಹಣ್ಣಿನ ಪಾನಕ ಕುಡಿಸುವ ಮನೆಗಳುಂಟು. ಪಾನಕ ಕುಡಿಯುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಅದರಿಂದ ಪಾಲಿಪ್ ಕರಗುವುದಿಲ್ಲ.

ಯಕೃತ್ತು ದಿನವೊಂದಕ್ಕೆ ಅರ್ಧ ಲೀಟರಿಗೂ ಮೇಲ್ಪಟ್ಟು, ಸುಮಾರು ಒಂದು ಲೀಟರಿನವರೆಗೂ ಪಿತ್ತರಸವನ್ನು ತಯಾರಿಸುತ್ತದೆ. ಬಲಪಕ್ಕೆಯ ಕೆಳಗೆ, ಯಕೃತ್ತಿನ ಅಡಿಯಲ್ಲಿ, ಎಳೆಯ ಬದನೆಕಾಯಿಯ ಆಕಾರದಲ್ಲಿ ಜೋತುಕೊಂಡಿರುವ ಚಿಕ್ಕ ಚೀಲವೇ ಪಿತ್ತಕೋಶ. ಅದರ ಉದ್ದ 7ರಿಂದ 10 ಸೆಂಟಿಮೀಟರು. ಹಿಡಿಯುವುದು 30ರಿಂದ 50 ಮಿಲಿಲೀಟರು ಮಾತ್ರ. ಬಂದ ರಸದಲ್ಲಿನ ನೀರನ್ನು ಹೀರಿ, ಅದನ್ನು ಗಟ್ಟಿ ಮಾಡಿ ಕೂಡಿಟ್ಟುಕೊಳ್ಳುವುದು ಅದರ ಕೆಲಸ. ನಾವು ತುಪ್ಪ ಸುರಿದ ಹೋಳಿಗೆಯನ್ನೋ ಕರಿದ ಬೋಂಡವನ್ನೋ ತಿಂದಾಗ, ಜಿಡ್ಡು ಸಣ್ಣ ಕರುಳನ್ನು ಮುಟ್ಟಿದೊಡನೆ ಅಲ್ಲಿಂದ ಒಂದು ಹಾರ್ಮೋನು ಹೊರಟು ರಕ್ತದ ಮೂಲಕ ಸುದ್ದಿ ಮುಟ್ಟಿಸುತ್ತದೆ. ಪಿತ್ತಕೋಶ ಮುದುಡಿಕೊಂಡು, ಕೂಡಿಟ್ಟ ರಸವನ್ನು ನಾಳದ ಮೂಲಕ ಕರುಳಿಗೆ ಹಿಂಡುತ್ತದೆ. ಜಿಡ್ಡು ಸಣ್ಣ ಸಣ್ಣ ಹನಿಗಳಾಗಿ ಒಡೆದು ಜೀರ್ಣಕ್ಕೆ ಅನುಕೂಲವಾಗುತ್ತದೆ. ಹಬ್ಬದ ಊಟದ ಹಿಂದೆ ಹೀಗೆ ಸದ್ದಿಲ್ಲದೆ ದುಡಿಯುವ ಅಂಗವಿದು.

ಕಲ್ಲಲ್ಲ, ಅಂಕುರ

ಈ ಚೀಲದ ಒಳಗೋಡೆಯಿಂದ ಒಳಕ್ಕೆ ಚಾಚಿಕೊಂಡಿರುವ ಸಣ್ಣ ಉಬ್ಬಿಗೆ ವೈದ್ಯರು ಪಾಲಿಪ್ ಎನ್ನುತ್ತಾರೆ. ಕನ್ನಡದಲ್ಲಿ ಅಂಕುರ ಎನ್ನಬಹುದು. ಇದನ್ನು ಪಿತ್ತಕೋಶದ ಕಲ್ಲಿನೊಡನೆ ಬೆರೆಸಬಾರದು. ಕಲ್ಲು ಚೀಲದೊಳಗೆ ಸಾಮಾನ್ಯವಾಗಿ ಬಿಡಿಯಾಗಿರುತ್ತದೆ. ಸ್ಕ್ಯಾನ್ ಮಾಡುವಾಗ ರೋಗಿ ಮಗ್ಗುಲು ಬದಲಿಸಿದರೆ ಅದೂ ಉರುಳುತ್ತದೆ. ತನ್ನ ಹಿಂದೆ ಕಪ್ಪು ನೆರಳನ್ನು ಬೀಳಿಸುತ್ತದೆ. ಪಾಲಿಪ್ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಮಗ್ಗುಲಾದರೂ ಕದಲುವುದಿಲ್ಲ, ನೆರಳೂ ಬೀಳುವುದಿಲ್ಲ. ಅಲ್ಟ್ರಾಸೌಂಡ್ ಮಾಡುವವರು "ಎಡಕ್ಕೆ ತಿರುಗಿ, ಈಗ ಎದ್ದು ಕೂಡಿ" ಎಂದು ಹೇಳುವುದು ಈ ಕಾರಣಕ್ಕೆ.

ಅಲ್ಟ್ರಾಸೌಂಡ್ ಮಾಡಿಸಿಕೊಂಡ ವಯಸ್ಕರಲ್ಲಿ ನೂರಕ್ಕೆ ಸುಮಾರು ಐದು ಮಂದಿಯಲ್ಲಿ ಇಂತಹ ಅಂಕುರ ಕಾಣುತ್ತದೆ. ಅಂದರೆ ಒಂದು ಮದುವೆಮನೆಯಲ್ಲಿ ಊಟಕ್ಕೆ ಕುಳಿತ ಇನ್ನೂರು ಜನರಲ್ಲಿ ಹತ್ತು ಜನರ ಪಿತ್ತಕೋಶದಲ್ಲಿ ಇದು ಇದ್ದರೂ ಆಶ್ಚರ್ಯವಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಅದರ ಸುಳಿವೂ ಇರುವುದಿಲ್ಲ. ಏಕೆಂದರೆ ಸಣ್ಣ ಪಾಲಿಪ್ ಸಾಮಾನ್ಯವಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ.

ಇವೆಲ್ಲವೂ ಒಂದೇ ಜಾತಿಯವಲ್ಲ. ಬಹುಪಾಲು ಪಾಲಿಪ್‌ಗಳು ಹೆಸರಿಗೆ ಮಾತ್ರ ಪಾಲಿಪ್‌ಗಳು. ಪಿತ್ತರಸದಲ್ಲಿರುವ ಕೊಲೆಸ್ಟರಾಲು ಗೋಡೆಯ ಪದರದಲ್ಲಿ ಶೇಖರವಾಗಿ, ಸಣ್ಣ ತೊಟ್ಟಿನಿಂದ ತೂಗುವ ಕಾಳಿನಂತೆ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಕ್ಯಾನ್ಸರ್ ಆಗುವ ಸ್ವಭಾವವೇ ಇಲ್ಲ. ಇವು ಒಂದರ ಬದಲು ಹಲವಾಗಿರುವುದೂ ಉಂಟು. ಹಲವಿವೆ ಎಂದು ಹೆಚ್ಚು ಹೆದರುವವರು ತಿಳಿಯಬೇಕಾದುದೇನೆಂದರೆ, ಹಾಗೆ ಹಲವು ಸಣ್ಣವು ಇದ್ದರೆ ಅವು ಕೊಲೆಸ್ಟರಾಲಿನವೇ ಆಗಿರುವ ಸಂಭವ ಅಧಿಕ. ಕೆಲವೊಮ್ಮೆ ಉರಿಯೂತದಿಂದ, ಕೆಲವೊಮ್ಮೆ ಗೋಡೆಯ ಪದರವೇ ದಪ್ಪವಾಗುವುದರಿಂದ ಉಬ್ಬು ಕಾಣುತ್ತದೆ. ನಿಜವಾದ ಬೆಳವಣಿಗೆಯೆನ್ನಬಹುದಾದದ್ದು ಅಡಿನೋಮಾ ಎಂಬ ಇನ್ನೊಂದು ಬಗೆ. ಇದು ಅಪರೂಪ, ಮುಂದೆಂದಾದರೂ ಕೆಡುಕಿಗೆ ತಿರುಗುವ ಸಾಧ್ಯತೆ ಇರುವುದು ಈ ಬಗೆಯದಕ್ಕೆ. ತೊಡಕೇನೆಂದರೆ, ಹೊರಗಿನಿಂದ ನೋಡುವ ಸ್ಕ್ಯಾನಿಗೆ ಕೊಲೆಸ್ಟರಾಲಿನ ಕಾಳಿಗೂ ಅಡಿನೋಮಾಕ್ಕೂ ಇರುವ ಭೇದ ಸದಾ ಸ್ಪಷ್ಟವಾಗಿ ಕಾಣುವುದಿಲ್ಲ. ಇನ್ನು ಕರುಳಿನ ಪಾಲಿಪ್‌ನಂತೆ ಕೊಳವೆಯಿಳಿಸಿ ಅದೊಂದನ್ನೇ ಕತ್ತರಿಸಿ ಪರೀಕ್ಷೆಗೆ ಕಳುಹಿಸೋಣವೆಂದರೆ ಆ ವಾಡಿಕೆ ಇಲ್ಲಿಲ್ಲ. ತೆಗೆದರೆ ಇಡೀ ಪಿತ್ತಕೋಶವನ್ನೇ ತೆಗೆಯಬೇಕು. ಆದುದರಿಂದಲೇ ವೈದ್ಯರು ಗಾತ್ರವನ್ನೂ ಆಕಾರವನ್ನೂ ನೋಡಿ ಊಹೆ ಮಾಡಬೇಕಾಗಿದೆ. ಆದುದರಿಂದಲೇ ಮಿಲಿಮೀಟರಿಗೆ ಇಷ್ಟು ಬೆಲೆ ಬಂದಿದೆ.

ಗಣಿತದ ಮೇಷ್ಟ್ರ ತ್ರೈರಾಶಿಕ

ನಮ್ಮ ಕಾಲೇಜಿನಲ್ಲಿ ಗಣಿತ ಹೇಳುವ ಮಿತ್ರರೊಬ್ಬರಿದ್ದಾರೆ. ವಯಸ್ಸು 46. ಅವರ ಕೈಗೂ ಇಂತಹದೇ ಒಂದು ಕಾಗದ ಬಂತು. ಅಂದು ಸಂಜೆಯೇ ಮನೆಯಲ್ಲಿ ಸಭೆ ಸೇರಿತು. ಅವರ ಪತ್ನಿಯ ತಮ್ಮ, "ಭಾವ, ಇದ್ದರೆ ತಾನೆ ತಂಟೆ? ಈ ತಿಂಗಳೇ ತೆಗೆಸಿಬಿಡಿ. ವಿಮೆ ಇದೆ, ನಿಮ್ಮ ಕೈಯಿಂದ ಏನೂ ಹೋಗುವುದಿಲ್ಲ" ಎಂದ. ಅತ್ತೆಯವರು, "ಹೊಟ್ಟೆ ಕೊಯ್ಯಿಸಿಕೊಳ್ಳುವ ಮಾತು ಬೇಡ. ನಮ್ಮ ಕಡೆ ಒಬ್ಬರು ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದು ಎಲ್ಲವನ್ನೂ ಹೊರಕ್ಕೆ ಹಾಕಿದರಂತೆ" ಎಂದರು. ಪತ್ನಿ ಏನೂ ಹೇಳಲಿಲ್ಲ; ಮಗಳ ಕಾಲೇಜಿನ ಶುಲ್ಕ ಕಟ್ಟುವ ದಿನಾಂಕವನ್ನು ಎರಡು ಸಲ ಕೇಳಿದರು. ಹೇಳದಿದ್ದ ಮಾತು ಅದರಲ್ಲಿಯೇ ಇತ್ತು.

ಮೂರು ವಾರ ಕಳೆಯುವಷ್ಟರಲ್ಲಿ ಮಿತ್ರರು ತಾಳಲಾರದೆ ಬೇರೊಂದು ಕಡೆ ಮತ್ತೆ ಸ್ಕ್ಯಾನ್ ಮಾಡಿಸಿದರು. ಮೊದಲು 5 ಮಿ.ಮೀ. ಇದ್ದದ್ದು ಈಗ 6.5 ಮಿ.ಮೀ. ಎಂದು ಬಂತು. ಗಣಿತದವರಲ್ಲವೆ, ತ್ರೈರಾಶಿಕ ಹಾಕಿದರು. ಮೂರು ವಾರಕ್ಕೆ ಒಂದೂವರೆ ಮಿಲಿಮೀಟರಾದರೆ ಐವತ್ತೆರಡು ವಾರಕ್ಕೆ ಇಪ್ಪತ್ತಾರು! ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ.

ಮರುದಿನ ಕಂಡ ವೈದ್ಯರು ಎರಡು ಚಿತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ ನಕ್ಕರಂತೆ. "ಮೇಷ್ಟ್ರೇ, ನಿಮ್ಮ ಲೆಕ್ಕ ಸರಿಯಾಗಿದೆ. ಅಳತೆಗೋಲು ಮಾತ್ರ ಎರಡು ಬೇರೆ ಬೇರೆ" ಎಂದರು. ಒಂದೇ ಪಾಲಿಪನ್ನು ಇಬ್ಬರು ಅಳೆದರೆ ಒಂದೆರಡು ಮಿಲಿಮೀಟರು ಹೆಚ್ಚು ಕಡಿಮೆ ಬರುವುದು ಸಾಮಾನ್ಯ. ಯಂತ್ರ ಬೇರೆ, ಕೈ ಬೇರೆ, ಹಿಡಿದ ಕೋನ ಬೇರೆ. ಹೊಟ್ಟೆ ಖಾಲಿಯಿರದಿದ್ದರೆ ಪಿತ್ತಕೋಶ ಮುದುಡಿಕೊಂಡಿರುತ್ತದೆ. ಆಗ ಗೋಡೆಯ ಮಡಿಕೆಯೂ ಪಾಲಿಪಿನಂತೆ ಕಾಣಬಹುದು. ನಮ್ಮ ಮಿತ್ರರು ಎರಡನೆಯ ಸಲ ಬೆಳಗ್ಗೆ ಉಪ್ಪಿಟ್ಟು ತಿಂದು ಹೋಗಿದ್ದರು! ತೆಳುವಾದ ತೊಟ್ಟಿನ ಸಣ್ಣ ಪಾಲಿಪ್, ಕಲ್ಲಿಲ್ಲ, ಗೋಡೆ ದಪ್ಪವಾಗಿಲ್ಲ. ಆರು ತಿಂಗಳ ಮೇಲೆ, ಮೊದಲು ಮಾಡಿಸಿದಲ್ಲಿಯೇ, ಖಾಲಿ ಹೊಟ್ಟೆಯಲ್ಲಿ ಮತ್ತೊಮ್ಮೆ ನೋಡೋಣ ಎಂದು ವೈದ್ಯರು ಕಳುಹಿಸಿಕೊಟ್ಟರು. ಅದಾಗಿ ಎರಡು ವರ್ಷ ಸಂದಿವೆ. ಮೂರು ಸಲ ಅಳೆದಾಗಲೂ ಅದು 5ರ ಆಚೆಗೆ ಹೋಗಲಿಲ್ಲ.

ಅಳತೆ, ಆಕಾರ, ಆಸಾಮಿ

ಹಾಗಾದರೆ ಎಲ್ಲರಿಗೂ ಇದೇ ನ್ಯಾಯವೆ? ಅಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು: ಎಷ್ಟು ದೊಡ್ಡದು, ಯಾವ ಆಕಾರದ್ದು, ಯಾರ ಹೊಟ್ಟೆಯಲ್ಲಿದೆ? ಅಳತೆ, ಆಕಾರ, ಆಸಾಮಿ ಎಂದು ನೆನಪಿಟ್ಟುಕೊಳ್ಳಬಹುದು.

ಅಳತೆಯನ್ನು ಅಡಿಗೆಮನೆಯ ಕಾಳುಗಳಲ್ಲಿ ಹೇಳುವುದಾದರೆ, ಸಾಸಿವೆ ಒಂದೆರಡು ಮಿಲಿಮೀಟರು, ಹೆಸರುಕಾಳು ನಾಲ್ಕೈದು, ಕಡಲೆಕಾಳು ಎಂಟು ಹತ್ತು. ಸಾಸಿವೆಗೂ ಹೆಸರುಕಾಳಿಗೂ ಹೆದರುವ ಕಾರಣ ಬಹಳ ಕಡಿಮೆ. ಕಡಲೆಕಾಳಿನ ಗಾತ್ರ ಮುಟ್ಟಿತೆಂದರೆ ವೈದ್ಯರ ಹುಬ್ಬು ಗಂಟಾಗುತ್ತದೆ. ಆಕಾರದಲ್ಲಿ ತೆಳುವಾದ ತೊಟ್ಟಿನಿಂದ ತೂಗುವುದು ಸಾಧು. ತೊಟ್ಟಿಲ್ಲದೆ, ಅಗಲವಾದ ಬುಡದಿಂದ ಗೋಡೆಗೆ ಕಚ್ಚಿಕೊಂಡಿರುವುದು, ಅದರಲ್ಲಿಯೂ ಆ ಜಾಗದ ಗೋಡೆ 4 ಮಿ.ಮೀ.ಗಿಂತ ದಪ್ಪವಾಗಿರುವುದು, ಸಂಶಯಕ್ಕೆ ಪಾತ್ರ. ಆಸಾಮಿಯ ವಿಷಯದಲ್ಲಿ ನೋಡುವುದು ವಯಸ್ಸು, ಬೇರೆ ಕಾಯಿಲೆ ಮತ್ತು ಮೂಲ.

ಯುರೋಪಿನ ನಾಲ್ಕು ವೈದ್ಯಸಂಘಗಳು ಕೂಡಿ 2017ರಲ್ಲಿ ಹೊರಡಿಸಿ 2022ರಲ್ಲಿ ತಿದ್ದಿದ ನಿಯಮಾವಳಿಯ ಸಾರಾಂಶ ಹೀಗಿದೆ. 10 ಮಿ.ಮೀ. ಅಥವಾ ಅದಕ್ಕೂ ದೊಡ್ಡದಾದರೆ, ರೋಗಿ ಶಸ್ತ್ರಚಿಕಿತ್ಸೆಗೆ ತಕ್ಕ ಸ್ಥಿತಿಯಲ್ಲಿದ್ದು ಅದಕ್ಕೆ ಒಪ್ಪಿದಲ್ಲಿ, ಪಿತ್ತಕೋಶವನ್ನು ತೆಗೆಯುವುದು ಒಳಿತು. 6ರಿಂದ 9 ಮಿ.ಮೀ. ಇದ್ದು, ಜೊತೆಗೆ ಅಪಾಯಸೂಚಕವಾದ ಲಕ್ಷಣ ಒಂದಾದರೂ ಇದ್ದರೆ ಆಗಲೂ ತೆಗೆಯುವ ಸಲಹೆ. ಆ ಲಕ್ಷಣಗಳಾವುವೆಂದರೆ: 60 ಮೀರಿದ ವಯಸ್ಸು, ತೊಟ್ಟಿಲ್ಲದ ಅಗಲ ಬುಡ, ಪಿತ್ತನಾಳಗಳು ಉರಿಯೂತದಿಂದ ಗಟ್ಟಿಯಾಗಿ ಕಿರಿದಾಗುವ ಒಂದು ಅಪರೂಪದ ಕಾಯಿಲೆ, ಮತ್ತು ಏಷ್ಯಾದ ಮೂಲ. ಇವಾವುವೂ ಇಲ್ಲದ 6ರಿಂದ 9ರವರಿಗೂ, ಇವುಗಳಲ್ಲೊಂದು ಇರುವ 5 ಮಿ.ಮೀ. ಒಳಗಿನವರಿಗೂ ಆರು ತಿಂಗಳಿಗೆ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಹೀಗೆ ಮೂರು ಸಲ ಅಲ್ಟ್ರಾಸೌಂಡ್. ಬೆಳೆಯದಿದ್ದರೆ ಅಲ್ಲಿಗೆ ಮುಗಿಯಿತು. 5 ಮಿ.ಮೀ. ಒಳಗಿದ್ದು ಯಾವ ಲಕ್ಷಣವೂ ಇಲ್ಲದಿದ್ದರೆ ಮತ್ತೆ ನೋಡುವ ಅಗತ್ಯವೂ ಇಲ್ಲ. ನಡುವೆ ಪಾಲಿಪ್ ತಾನಾಗಿಯೇ ಮಾಯವಾಗುವುದುಂಟು. ಹಾಗಾದರೆ ತಪಾಸಣೆಯನ್ನು ನಿಲ್ಲಿಸಬಹುದು.

ಅದೇ 2022ರಲ್ಲಿ ಅಮೆರಿಕದ ಅಲ್ಟ್ರಾಸೌಂಡ್ ತಜ್ಞರ ಸಂಘವೂ ಒಂದು ನಿರ್ಣಯವನ್ನು ಪ್ರಕಟಿಸಿತು. ಅವರು ಆಕಾರಕ್ಕೆ ಅಗ್ರಸ್ಥಾನ ಕೊಟ್ಟರು. ತೆಳುವಾದ ತೊಟ್ಟಿನ ಪಾಲಿಪ್ 9 ಮಿ.ಮೀ.ವರೆಗಿದ್ದರೂ ಮತ್ತೆ ನೋಡಬೇಕಾದದ್ದಿಲ್ಲ. ಅಗಲ ಬುಡದ್ದಾದರೆ 6 ಮಿ.ಮೀ.ವರೆಗೆ ಬೇಡ, 7ರಿಂದ 9 ಇದ್ದರೆ ಒಂದು ವರ್ಷದ ಮೇಲೆ ಒಮ್ಮೆ ನೋಡಿದರೆ ಸಾಕು; 15 ಮುಟ್ಟಿದರೆ ಶಸ್ತ್ರವೈದ್ಯರನ್ನು ಕಾಣಬೇಕು. ಪಕ್ಕದ ಗೋಡೆ ದಪ್ಪವಾಗಿದ್ದರೆ ಮಾತ್ರ 7 ಮಿ.ಮೀ.ಗೇ ಶಸ್ತ್ರವೈದ್ಯರ ಅಭಿಪ್ರಾಯ ಬೇಕು. ಎರಡು ಮೂರು ಮಿಲಿಮೀಟರಿನ ಏರಿಳಿತ ಸಹಜ; ಹನ್ನೆರಡು ತಿಂಗಳೊಳಗೆ 4 ಮಿ.ಮೀ. ಅಥವಾ ಹೆಚ್ಚು ಬೆಳೆದರೆ ಮಾತ್ರ ಅದನ್ನು ಬೆಳವಣಿಗೆಯೆಂದು ಗಣಿಸಬೇಕೆಂಬುದು ಅವರ ಮತ. ಯುರೋಪಿನವರಾದರೋ ಎರಡು ವರ್ಷದೊಳಗೆ 2 ಮಿ.ಮೀ. ಬೆಳೆದರೂ ಮತ್ತೆ ಕುಳಿತು ಆಲೋಚಿಸಿರಿ ಎನ್ನುತ್ತಾರೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬೆಂಗಳೂರಿನ ಒಬ್ಬ ಗೃಹಿಣಿಗೆ ತೆಳು ತೊಟ್ಟಿನ 7 ಮಿ.ಮೀ. ಪಾಲಿಪ್ ಇದೆಯೆಂದಿಟ್ಟುಕೊಳ್ಳಿ. ಏಷ್ಯಾದವಳಾದ್ದರಿಂದ ತೆಗೆಸು ಎನ್ನುತ್ತದೆ ಒಂದು ಶಾಸ್ತ್ರ. ಮರೆತುಬಿಡು ಎನ್ನುತ್ತದೆ ಇನ್ನೊಂದು. ಎರಡೂ ಒಂದೇ ವರ್ಷದವು, ಎರಡೂ ಪಂಡಿತರವೇ. ಒಬ್ಬ ವೈದ್ಯರು ಒಂದು ಹೇಳಿ ಮತ್ತೊಬ್ಬರು ಇನ್ನೊಂದು ಹೇಳಿದರೆ, ಇಬ್ಬರಲ್ಲೊಬ್ಬರು ಮೋಸ ಮಾಡುತ್ತಿದ್ದಾರೆಂದು ನಾವು ಕೂಡಲೇ ತೀರ್ಮಾನಿಸುತ್ತೇವೆ. ಹಾಗೆ ತೀರ್ಮಾನಿಸಬೇಕಾಗಿಲ್ಲ. ಶಾಸ್ತ್ರವೇ ಇನ್ನೂ ಒಂದು ಮಾತಿಗೆ ಬಂದಿಲ್ಲವೆಂಬುದನ್ನು ತಿಳಿದರೆ ವೈದ್ಯರ ಮೇಲಿನ ಸಂಶಯ ಅಷ್ಟರಮಟ್ಟಿಗೆ ಕಡಿಮೆಯಾದೀತು.

'ಭಾರತೀಯ ಮೂಲ' ಎಂಬ ಎರಡು ಪದಗಳು

ಈ ಭಿನ್ನಾಭಿಪ್ರಾಯದ ಬೇರು ನಮ್ಮ ದೇಶವನ್ನೇ ಮುಟ್ಟುತ್ತದೆ. ಯುರೋಪಿನ 2017ರ ನಿಯಮದಲ್ಲಿ ಏಷ್ಯಾದ ಮೂಲ ಎಂದಿರಲಿಲ್ಲ. ಭಾರತೀಯ ಮೂಲ ಎಂದೇ ಇತ್ತು. ಇಂಗ್ಲೆಂಡಿನಲ್ಲಿ ನೆಲೆಸಿದ ಭಾರತ ಮೂಲದ ರೋಗಿಗಳನ್ನು ಕುರಿತ ಅಧ್ಯಯನವೂ ಅದಕ್ಕೆ ಆಧಾರಗಳಲ್ಲೊಂದು. ನಮ್ಮಲ್ಲಿ ಪಿತ್ತಕೋಶದ ಕ್ಯಾನ್ಸರ್ ಹೆಚ್ಚೆಂಬುದು ಸುಳ್ಳೂ ಅಲ್ಲ. ಉತ್ತರಪ್ರದೇಶ, ಬಿಹಾರಗಳ ಗಂಗಾ ಬಯಲಿನಲ್ಲಿ, ದೆಹಲಿಯಲ್ಲಿ, ಅಸ್ಸಾಮಿನಲ್ಲಿ ಈ ರೋಗದ ಹಾವಳಿ ಪ್ರಪಂಚದಲ್ಲಿಯೇ ಹೆಚ್ಚಿರುವ ಕಡೆಗಳ ಸಾಲಿಗೆ ಸೇರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಅಧಿಕ. ಆದರೆ ದಕ್ಷಿಣಕ್ಕೆ ಬಂದಂತೆ ಅದು ಬಹಳ ವಿರಳವಾಗುತ್ತದೆ. ಒಂದೇ ಪಾಸ್‌ಪೋರ್ಟಿನ ಕೆಳಗೆ ಇಷ್ಟು ಅಂತರವಿದೆ. 'ಭಾರತೀಯ' ಎಂಬ ಪದವನ್ನು ನಿಘಂಟಿನಲ್ಲಿ ಒಂದೇ ಅರ್ಥದಲ್ಲಿ ಬರೆಯಬಹುದು. ಪಿತ್ತಕೋಶದ ವಿಷಯದಲ್ಲಿ ಅದು ಪಾಟ್ನಾಕ್ಕೂ ಮೈಸೂರಿಗೂ ಒಂದೇ ಅಲ್ಲ.

ಆದಕಾರಣ ವೈದ್ಯರ ಬಳಿ ಮಾತನಾಡುವಾಗ, ನಮ್ಮ ಮನೆತನ ಎಲ್ಲಿಯದು, ಬಹುಕಾಲ ಎಲ್ಲಿ ಬಾಳಿದೆವು, ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈ ರೋಗವಿತ್ತೆ ಎಂಬುದನ್ನು ಹೇಳಿಕೊಳ್ಳುವುದು ಒಳ್ಳೆಯದು. ಉತ್ತರದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ನೆರೆಮನೆಯವರಿಗೆ ವೈದ್ಯರು ಹೇಳಿದ ಮಾತು ನಿಮಗೆ ಹೇಳಿದ್ದಕ್ಕಿಂತ ಭಿನ್ನವಾಗಿದ್ದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು.

ಇನ್ನೊಂದು ಕಡೆಯ ಅಂಕಿ ಅಂಶವನ್ನೂ ಕೇಳಿ. ಅಮೆರಿಕದ ಉತ್ತರ ಕ್ಯಾಲಿಫೋರ್ನಿಯಾದಲ್ಲಿ 1995ರಿಂದ 2014ರವರೆಗೆ ಅಲ್ಟ್ರಾಸೌಂಡ್ ಮಾಡಿಸಿಕೊಂಡ 6,22,227 ವಯಸ್ಕರ ದಾಖಲೆಗಳನ್ನು ತೆಗೆದು ನೋಡಿ 2020ರಲ್ಲಿ ಫಲವನ್ನು ಪ್ರಕಟಿಸಿದರು. ಅವರಲ್ಲಿ 35,970 ಮಂದಿಗೆ ಪಾಲಿಪ್ ಇತ್ತು. ಇವರ ಪೈಕಿ ಪಿತ್ತಕೋಶದ ಕ್ಯಾನ್ಸರ್ ಕಂಡದ್ದು 19 ಮಂದಿಗೆ, ಅಂದರೆ ಲಕ್ಷಕ್ಕೆ ಸುಮಾರು 53. ಪಾಲಿಪ್ ಇಲ್ಲದವರಲ್ಲಿ ಲಕ್ಷಕ್ಕೆ ಸುಮಾರು 54. ಪಾಲಿಪ್ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸವೇ ಕಾಣಲಿಲ್ಲ! ಕ್ಯಾಲಿಫೋರ್ನಿಯಾ ಕಾಶಿಯಲ್ಲ ಎಂಬುದು ನೆನಪಿರಲಿ. ಆದರೂ ಪಾಲಿಪ್ ಎಂದ ಮಾತ್ರಕ್ಕೆ ಕ್ಯಾನ್ಸರಿನ ಮೊಳಕೆ ಎಂದು ತಿಳಿಯುವವರಿಗೆ ಈ ಸಂಖ್ಯೆಗಳು ಧೈರ್ಯ ಕೊಡಬೇಕು.

ತೆಗೆಸಿಬಿಡಿ ಎಂಬ ಮಾತು

"ಇದ್ದರೆ ತಾನೆ ತಂಟೆ" ಎಂಬ ವಾದದಲ್ಲಿ ಒಂದು ಆಕರ್ಷಣೆಯಿದೆ. ಪಿತ್ತಕೋಶವನ್ನು ಮೊದಲು ಯಶಸ್ವಿಯಾಗಿ ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್, 1882ರಲ್ಲಿ. ನೂರು ವರ್ಷಗಳಿಗೂ ಹೆಚ್ಚು ಕಾಲ ಅದಕ್ಕಾಗಿ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಾಗಿತ್ತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರದ ಮೂಲಕ ದರ್ಶಕವನ್ನು ಇಳಿಸಿ ಅದನ್ನು ತೆಗೆದರು. 1990ರಲ್ಲಿ ಮುಂಬಯಿಯ ಡಾ. ತೆಹೆಮ್‌ಟನ್ ಉದ್ವಾಡಿಯಾ ಆ ವಿಧಾನವನ್ನು ಭಾರತಕ್ಕೆ ತಂದರು. ಈಗ ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ಪಿತ್ತಕೋಶವಿಲ್ಲದೆಯೂ ಮನುಷ್ಯ ಚೆನ್ನಾಗಿ ಬದುಕುತ್ತಾನೆ. ಪಿತ್ತರಸ ಯಕೃತ್ತಿನಿಂದ ನೇರವಾಗಿ ಕರುಳಿಗೆ ಹರಿಯುತ್ತದೆ.

ಆದರೆ ಸುಲಭವಾದದ್ದೆಲ್ಲ ಅವಶ್ಯಕವಲ್ಲ. ಅರಿವಳಿಕೆಗೆ ತನ್ನದೇ ಅಪಾಯವುಂಟು. ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ಮೂರು ನಾಲ್ಕರಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುತ್ತದೆ; ಸಂಖ್ಯೆ ಸಣ್ಣದಾದರೂ ಆ ಪೆಟ್ಟಿನ ಫಲ ಸಣ್ಣದಲ್ಲ. ಕೆಲವರಿಗೆ ಆಮೇಲೆ ಭೇದಿ ತಿಂಗಳುಗಟ್ಟಲೆ ಕಾಡುತ್ತದೆ. ಕಡಲೆಕಾಳಿನ ಗಾತ್ರದ ಪಾಲಿಪಿಗಾಗಿ, ಅಥವಾ ನೋವು ಕೊಡುವ ಕಲ್ಲಿಗಾಗಿ ಈ ಅಪಾಯವನ್ನು ಒಪ್ಪಿಕೊಳ್ಳುವುದು ವಿವೇಕ. ಹೆಸರುಕಾಳಿನ ಗಾತ್ರದ, ತೊಟ್ಟಿನ ಪಾಲಿಪಿಗಾಗಿ ಒಪ್ಪಿಕೊಳ್ಳುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ.

ಅತ್ತೆಯವರ ಎಣ್ಣೆ ನಿಂಬೆರಸದ ವಿಷಯಕ್ಕೆ ಬರೋಣ. ಅದನ್ನು ಕುಡಿದವರ ಮಲದಲ್ಲಿ ಹಸಿರು ಬಣ್ಣದ ಮೃದುವಾದ ಉಂಡೆಗಳು ಕಾಣುವುದು ನಿಜ. ಅವು ಪಿತ್ತಕೋಶದಿಂದ ಬಂದವಲ್ಲ. ಕುಡಿದ ಎಣ್ಣೆಯೇ ಹೊಟ್ಟೆ ಕರುಳುಗಳ ರಸದೊಡನೆ ಸೇರಿ ಸಾಬೂನಿನಂತೆ ಗಟ್ಟಿಯಾದದ್ದು. ಗೋಡೆಗೆ ಅಂಟಿದ ಪಾಲಿಪ್ ಉಚ್ಚಾಟನೆಗೆ ಬಗ್ಗುವುದಿಲ್ಲ. ಅದನ್ನು ಕರಗಿಸುತ್ತದೆಂದು ಸಿದ್ಧವಾದ ಮಾತ್ರೆಯಾಗಲಿ, ಕಷಾಯವಾಗಲಿ, ಪಥ್ಯವಾಗಲಿ ಇಲ್ಲ. ಜಿಡ್ಡು ಕಡಿಮೆ ಮಾಡುವುದು, ತೂಕ ಇಳಿಸುವುದು, ದಿನವೂ ನಡೆಯುವುದು ಹೃದಯಕ್ಕೂ ಯಕೃತ್ತಿಗೂ ಹಿತ. ಆ ಕಾರಣಕ್ಕೆ ಮಾಡಿ. ಪಾಲಿಪಿಗಾಗಿ ಮನೆಮಂದಿಯೆಲ್ಲ ಸಪ್ಪೆ ಊಟ ಮಾಡಬೇಕಾದದ್ದಿಲ್ಲ.

ಕಾಯಬಾರದವರು

ಇಷ್ಟೆಲ್ಲ ಧೈರ್ಯ ಹೇಳಿದ ಮೇಲೆ ಇನ್ನೊಂದು ಬದಿಯನ್ನು ಹೇಳದಿದ್ದರೆ ಅಪರಾಧವಾದೀತು. ಪಿತ್ತಕೋಶದ ಕ್ಯಾನ್ಸರ್ ಮೌನವಾಗಿ ಬೆಳೆಯುವ ರೋಗ. ಅದು ಲಕ್ಷಣ ತೋರುವ ಹೊತ್ತಿಗೆ ಅನೇಕ ವೇಳೆ ಕಾಲ ಮಿಂಚಿರುತ್ತದೆ. ವೈದ್ಯರು ಹತ್ತು ಮಿಲಿಮೀಟರಿನ ಗೆರೆ ಎಳೆದಿರುವುದು ಈ ಭಯದಿಂದಲೇ. ಆದುದರಿಂದ ದೊಡ್ಡ ಪಾಲಿಪ್ ಇದ್ದವರು, ಅಗಲ ಬುಡದ ಪಾಲಿಪ್ ಇದ್ದವರು, ಅರವತ್ತು ದಾಟಿದವರು, ಜೊತೆಗೆ ಕಲ್ಲೂ ಇದ್ದು ನೋವು ಪಡುತ್ತಿರುವವರು ಸುಮ್ಮನೆ ಕೂಡಬಾರದು. ಮಗಳ ಮದುವೆ ಮುಗಿಯಲಿ, ಪರೀಕ್ಷೆ ಕಳೆಯಲಿ, ಆಷಾಢ ದಾಟಲಿ ಎಂದು ಮುಂದೂಡುವುದರಲ್ಲಿ ನಮ್ಮ ಮನೆಗಳ ಹೆಂಗಸರು ನಿಸ್ಸೀಮರು. ಮನೆಯವರೆಲ್ಲರ ಔಷಧದ ಲೆಕ್ಕ ಬಾಯಲ್ಲಿದ್ದರೂ ತಮ್ಮ ಕಾಗದವನ್ನು ಅಕ್ಕಿ ಡಬ್ಬಿಯ ಕೆಳಗೆ ಮಡಿಸಿಡುತ್ತಾರೆ. ಆ ಕಾಗದವನ್ನು ಹೊರಗೆ ತೆಗೆಸುವುದು ಮನೆಯ ಗಂಡಸರ, ಮಕ್ಕಳ ಹೊಣೆ.

ಬಲಪಕ್ಕೆಯ ಕೆಳಗೆ ಗಂಟೆಗಟ್ಟಲೆ ನಿಲ್ಲದ ನೋವು, ಚಳಿ ಜ್ವರ, ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಯಾವುವು ಕಂಡರೂ ಆರು ತಿಂಗಳ ಗಡುವನ್ನು ಕಾಯದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು.

ಉಳಿದವರು, ಎಂದರೆ ಬಹುಪಾಲು ಮಂದಿ, ಮಾಡಬೇಕಾದದ್ದು ಬಹಳವಿಲ್ಲ. ವೈದ್ಯರನ್ನು ಒಮ್ಮೆ ಕಂಡು, ಗಾತ್ರವೆಷ್ಟು, ತೊಟ್ಟಿದೆಯೆ, ಗೋಡೆ ದಪ್ಪವಾಗಿದೆಯೆ, ಕಲ್ಲಿದೆಯೆ, ಮುಂದಿನ ತಪಾಸಣೆ ಬೇಕೆ, ಬೇಕಾದರೆ ಯಾವಾಗ ಎಂದು ಕೇಳಿ ಬರೆದುಕೊಳ್ಳಿ. ಹಳೆಯ ಕಾಗದವನ್ನೂ ಚಿತ್ರವನ್ನೂ ಎಸೆಯದೆ ಒಂದು ಫೈಲಿನಲ್ಲಿಡಿ. ಮುಂದಿನ ಸಲ ಅಳೆಯುವವರಿಗೆ ಅದನ್ನು ತೋರಿಸಿ. ಆದಷ್ಟೂ ಒಂದೇ ಕಡೆ ಮಾಡಿಸಿ. ಆರೇಳು ಗಂಟೆ ಏನನ್ನೂ ತಿನ್ನದೆ ಹೋಗಿ. ನಿಮಗೆ ಹೇಳಿದ ದಿನಕ್ಕಿಂತ ಮೊದಲೇ, ಭಯ ತಡೆಯಲಾರದೆ, ಊರಿನ ಸ್ಕ್ಯಾನ್ ಕೇಂದ್ರಗಳನ್ನೆಲ್ಲ ಸುತ್ತಬೇಡಿ.

ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಿದರು. ತಾಳುವುದೆಂದರೆ ಮರೆಯುವುದೆಂದು ಅವರ ಅಭಿಪ್ರಾಯವಾಗಿರಲಾರದು. ರೈತ ಬಿತ್ತನೆಯಾದ ಮೇಲೆ ದಿನವೂ ಮಣ್ಣು ಕೆದಕಿ ಬೀಜ ನೋಡುವುದಿಲ್ಲ. ಹಾಗೆಂದು ಹೊಲದ ಕಡೆ ತಲೆ ಹಾಕದೆಯೂ ಇರುವುದಿಲ್ಲ. ಮುಂದಿನ ತಪಾಸಣೆಯ ತಾರೀಖನ್ನು ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ ಗುರುತು ಹಾಕಿಡಿ. ಆ ದಿನ ಬರುವವರೆಗೆ ಕಾಫಿ ಕುಡಿದುಕೊಂಡು, ಮಾವಿನಹಣ್ಣು ತಿಂದುಕೊಂಡು ನೆಮ್ಮದಿಯಾಗಿರಿ.